ಸ್ವಂತ ಖರ್ಚಿನಲ್ಲಿ ಅಚ್ಚಾದ ಹಾರರ್ ಕಾದಂಬರಿ ಓದುಗರನ್ನು ತಲುಪುವುದು ಹೇಗೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವನು. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಊರೊಂದರ ಹಿನ್ನೆಲೆಯಲ್ಲಿ ಹಾರರ್ ಕಾದಂಬರಿ ಬರೆದು, ಸ್ವಂತ ಖರ್ಚಿನಲ್ಲಿ 500 ಪ್ರತಿ ಅಚ್ಚು ಹಾಕಿಸಿದ್ದೇನೆ. ಮೂರು ತಿಂಗಳಲ್ಲಿ 130 ಪ್ರತಿ ಹೋಗಿವೆ, ಹೆಚ್ಚಿನವು ನೆಂಟರಿಷ್ಟರಿಗೆ. ಫೇಸ್‌ಬುಕ್‌ನಲ್ಲಿ ದಿನವೂ ಮುಖಪುಟದ ಚಿತ್ರ ಹಾಕುತ್ತೇನೆ. ಶುಭಾಶಯ ಬರುತ್ತದೆ, ಬೇಡಿಕೆ ಬರುವುದಿಲ್ಲ. ಹಣ ಕೊಟ್ಟರೆ 50 ವಿಮರ್ಶೆ ಬರೆಸಿಕೊಡುತ್ತೇನೆಂದು ಒಬ್ಬರು ಹೇಳುತ್ತಿದ್ದಾರೆ. ಒಪ್ಪಬಹುದೇ? ನಿಜವಾದ ಓದುಗರಿಂದ ಅಭಿಪ್ರಾಯ ಪಡೆಯುವ ದಾರಿ ಯಾವುದು?

ಉತ್ತರ: ಹಣ ಕೊಟ್ಟು ವಿಮರ್ಶೆ ಬರೆಸಬೇಡಿ. ಇದರ ಕಾನೂನಿನ ಮಗ್ಗುಲನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ದೊಡ್ಡ ಕಾರಣ ನಿಮ್ಮ ಪುಸ್ತಕದ ಜಾತಿಯಲ್ಲೇ ಇದೆ. ಸಾಮಾಜಿಕ ಕಾದಂಬರಿಯೊಂದನ್ನು ‘ಚೆನ್ನಾಗಿದೆ’ ಎಂದು ಯಾರಾದರೂ ಹೊಗಳಿದರೆ ಓದುಗ ಅರ್ಧ ನಂಬಿಯಾನು. ಹಾರರ್ ಕಾದಂಬರಿಯ ವಿಷಯದಲ್ಲಿ ಓದುಗನಿಗೆ ತಿಳಿಯಬೇಕಾದದ್ದು ಒಂದೇ: ಇದನ್ನು ಓದಿದವರಿಗೆ ನಿಜವಾಗಿಯೂ ಭಯವಾಯಿತೇ, ಆಗಿದ್ದರೆ ಎಲ್ಲಿ ಆಯಿತು? ಪುಸ್ತಕವನ್ನು ತೆರೆದೇ ನೋಡದೆ ಬರೆದ 50 ಸಾಲುಗಳಲ್ಲಿ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಪುಸ್ತಕ ಮುಚ್ಚಿಟ್ಟು ಉಳಿದದ್ದನ್ನು ಬೆಳಿಗ್ಗೆ ಓದಿದೆ ಎಂದು ಒಬ್ಬರೇ ಒಬ್ಬರು ಬರೆದರೂ ಅದು ಆ ಐವತ್ತಕ್ಕಿಂತ ಹೆಚ್ಚು ಪ್ರತಿಗಳನ್ನು ಮಾರುತ್ತದೆ. ಆದ್ದರಿಂದ ನಿಮ್ಮ ಮುಂದಿರುವ ಕೆಲಸ ವಿಮರ್ಶೆಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಮೊದಲು ಭಯದ ಕಥೆಗಳನ್ನು ಇಷ್ಟಪಟ್ಟು ಓದುವ ಜನರನ್ನು ಹುಡುಕುವುದು. ಈ 130 ಪ್ರತಿಗಳಲ್ಲಿ ಅಂಥವರ ಕೈಗೆ ಎಷ್ಟು ಹೋಗಿವೆ ಎಂದು ನೀವೇ ಲೆಕ್ಕ ಹಾಕಿ ನೋಡಿ. ನೆಂಟರು ಪ್ರೀತಿಯಿಂದ ಕೊಂಡಿರುತ್ತಾರೆ, ಅವರ ಪ್ರೀತಿಗೆ ಬೆಲೆಯಿದೆ. ಆದರೆ ಅವರಲ್ಲಿ ಹಲವರು ಪುಸ್ತಕವನ್ನು ಶೋಕೇಸಿನಲ್ಲಿ ಇಟ್ಟಿರುತ್ತಾರೆ.

ಮೊದಲು ಪುಸ್ತಕದ ಹೊರಮೈಯನ್ನು ಸರಿಪಡಿಸಿಕೊಳ್ಳಬೇಕು. ನಿಮ್ಮ ಪತ್ರದ ಜೊತೆ ಕಳಿಸಿದ ಬೆನ್ನುಡಿ ಹೀಗಿದೆ: ‘ಪ್ರೀತಿ, ದ್ವೇಷ, ಸೇಡು ಮತ್ತು ನಿಗೂಢತೆಗಳ ರೋಚಕ ಸಂಗಮ, ಕೊನೆಯ ಪುಟದವರೆಗೂ ಕುತೂಹಲ ಕಾಯ್ದುಕೊಳ್ಳುವ, ಮೈ ನವಿರೇಳಿಸುವ ಕಾದಂಬರಿ.’ ಇದನ್ನು ಯಾವ ಪುಸ್ತಕದ ಹಿಂಬದಿಗೆ ಹಾಕಿದರೂ ಹೊಂದಿಕೊಳ್ಳುತ್ತದೆ, ಇದರ ತೊಂದರೆಯೇ ಅದು. ಅದೇ ಪತ್ರದಲ್ಲಿ ನೀವು ಕಥೆಯನ್ನು ವಿವರಿಸುವಾಗ ಬರೆದ ಮಾತುಗಳನ್ನೇ ತುಸು ಜೋಡಿಸಿದರೆ ಹೀಗಾಗುತ್ತದೆ: ‘1964ರಲ್ಲಿ ನೀರು ಏರಿ ಬಂದಾಗ ಊರಿನವರೆಲ್ಲ ತಮ್ಮ ತಮ್ಮ ಮನೆಯ ಬಾಗಿಲು, ಕಿಟಕಿ, ತೊಲೆಗಳನ್ನು ಕಿತ್ತುಕೊಂಡು ಹೋದರು. ಕೆಳಗಿನಮನೆಯ ಬಾಗಿಲನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಈ ಬೇಸಿಗೆಯಲ್ಲಿ ನೀರು ಇಳಿದಿದೆ. ಬಾಗಿಲು ಅಲ್ಲೇ ಇದೆ; ಒಳಗಿನಿಂದ ಅಗಳಿ ಹಾಕಿದೆ.’ ಇಲ್ಲಿ ರೋಚಕ, ನಿಗೂಢ ಎಂಬ ಒಂದು ಪದವೂ ಇಲ್ಲ. ಓದುಗನಿಗೆ ಹೆದರಬೇಕೆಂದು ಹೇಳುವುದೂ ಇಲ್ಲ. ಅಗಳಿ ಹಾಕಿದವರು ಯಾರು ಎಂಬ ಪ್ರಶ್ನೆ ಅವನಲ್ಲಿ ತಾನಾಗಿ ಏಳುತ್ತದೆ, ಉಳಿದ ಕೆಲಸವನ್ನು ಆ ಪ್ರಶ್ನೆಯೇ ಮಾಡುತ್ತದೆ. ಅಚ್ಚಾಗಿರುವ ಪ್ರತಿಗಳ ಬೆನ್ನುಡಿಯನ್ನು ಈಗ ಬದಲಿಸಲಾಗದಿದ್ದರೂ ಮಾರಾಟದ ತಾಣಗಳಲ್ಲಿ, ಫೇಸ್‌ಬುಕ್‌ನಲ್ಲಿ, ಅಂಗಡಿಯವರಿಗೆ ಕೊಡುವ ಪರಿಚಯದ ಹಾಳೆಯಲ್ಲಿ ಈ ಬಗೆಯ ನಾಲ್ಕು ಸಾಲು ಬಳಸಬಹುದು. ದಿನವೂ ಅದೇ ಮುಖಪುಟ ಹಾಕುವುದನ್ನು ಇಂದೇ ನಿಲ್ಲಿಸಿ. ನೋಡಿದ್ದನ್ನೇ ನೋಡುವ ಜನ ಶುಭಾಶಯ ಹೇಳಿ ಮುಂದೆ ಹೋಗುತ್ತಾರೆ.

ನಿಮ್ಮ ಕಾದಂಬರಿಯ ನೆಲೆಯೇ ಅದರ ದೊಡ್ಡ ಬಲ ಎಂದು ನನಗೆ ಅನ್ನಿಸುತ್ತದೆ. ಶರಾವತಿಯ ಮುಳುಗಡೆ ಪ್ರದೇಶವನ್ನು ಕಲ್ಪಿಸಿಕೊಳ್ಳಬೇಕಾದ ಅಗತ್ಯ ಮಲೆನಾಡಿನ ಓದುಗರಿಗೆ ಇಲ್ಲ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ, ಆಮೇಲೆ ಅದೇ ಹಿನ್ನೀರಿನಲ್ಲಿ ಮುಳುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮೇಲೆ ಕಾಣಿಸಿಕೊಳ್ಳುತ್ತದೆ, ಜನ ಅದನ್ನು ನೋಡಲು ಹೋಗುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ನಿಮ್ಮ ಪುಸ್ತಕದ ಮಾತು ಎತ್ತಲು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಏಪ್ರಿಲ್, ಮೇ ತಿಂಗಳಿನಲ್ಲಿ ಹಿನ್ನೀರಿನ ಅಂಚಿನ ನಿಮ್ಮದೇ ಫೋಟೋಗಳ ಜೊತೆ, ಊರು ಮುಳುಗಿದ ಇತಿಹಾಸದ ಬಗ್ಗೆ ನಿಮ್ಮೂರ ಸುತ್ತಮುತ್ತಲ ಪತ್ರಿಕೆಗಳಿಗೆ ಒಂದು ಲೇಖನ ಬರೆಯಿರಿ. ಕಾದಂಬರಿಯ ಹೆಸರು ಲೇಖಕರ ಪರಿಚಯದಲ್ಲಿ ಬಂದರೆ ಸಾಕು.

ಇದನ್ನು ಹೇಳುವಾಗಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮುಳುಗಡೆ ಸಂತ್ರಸ್ತರ ಕುಟುಂಬಗಳಿಗೆ ಆ ನೀರು ಬರೀ ಕಥೆಯ ಸಾಮಗ್ರಿಯಲ್ಲ. ಭೂಮಿಯ ಹಕ್ಕುಪತ್ರಕ್ಕಾಗಿ ಅವರ ಹೋರಾಟ ಅರ್ಧ ಶತಮಾನ ಕಳೆದ ಮೇಲೂ ನಡೆದುಕೊಂಡು ಬಂದಿದೆ. ನಿಜವಾದ ಊರಿನ, ನಿಜವಾದ ಮನೆತನದ ಹೆಸರು ಹಿಡಿದು ‘ಇಲ್ಲಿ ದೆವ್ವವಿತ್ತು’ ಎಂದು ಪ್ರಚಾರ ಮಾಡಬೇಡಿ. ಹಾಗೆಯೇ ಚೌಡಿ, ಭೂತಪ್ಪ, ಜಟಕ ಮುಂತಾಗಿ ನಿಮ್ಮ ಸೀಮೆಯವರು ಹರಕೆ ಹೊತ್ತು ನಡೆದುಕೊಳ್ಳುವ ದೈವಗಳ ಬನದ ಚಿತ್ರವನ್ನು, ತುಳುನಾಡಿನ ಕೋಲದ ಮುಖವರ್ಣಿಕೆಯನ್ನು ಹೆದರಿಸುವ ಪೋಸ್ಟರಿಗೆ ಬಳಸಬೇಡಿ. ನಮ್ಮಲ್ಲಿ ಭೂತ ಎಂದರೆ ಹಲವರಿಗೆ ಕೈ ಮುಗಿಯುವ ಶಕ್ತಿ. ನಂಬಿಕೆಗೆ ನೋವಾದರೆ ಪುಸ್ತಕದ ಮೇಲಿನ ಮಾತು ಅಲ್ಲಿಗೇ ನಿಂತು ಬೇರೆಯದೇ ಜಗಳ ಆರಂಭವಾಗುತ್ತದೆ. ಅದಕ್ಕೂ ಮಿಗಿಲಾಗಿ, ನೋಯಿಸುವುದು ತಪ್ಪು.

ಇನ್ನು ಓದುಗರನ್ನು ಹುಡುಕುವ ಮಾತು. ಹಾರರ್ ಓದುವ ಕನ್ನಡಿಗರು ಇಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಒಂದು ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಪುಸ್ತಕದಂಗಡಿಗಳಿಂದ ತಂದು ಒಂದೇ ರಾತ್ರಿಯಲ್ಲಿ ಓದಿ ಮುಗಿಸುತ್ತಿದ್ದ ಜನರ ಮಕ್ಕಳು, ಮೊಮ್ಮಕ್ಕಳು ಈಗ ಅದೇ ರುಚಿಯನ್ನು ಫೋನಿನಲ್ಲಿ ತೀರಿಸಿಕೊಳ್ಳುತ್ತಿದ್ದಾರೆ. ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ ಪ್ರತಿಲಿಪಿ ಎಂಬ ಕಥೆಗಳ ತಾಣದಲ್ಲಿ ಕನ್ನಡದ ಹಾರರ್ ಕಥೆಗಳಿಗೆ ಪ್ರತ್ಯೇಕ ವಿಭಾಗವೇ ಇದೆ; ಓದುಗರು ಕಂತು ಕಂತಿಗೂ ಪ್ರತಿಕ್ರಿಯೆ ಬರೆಯುತ್ತಾರೆ. ಯೂಟ್ಯೂಬ್‌ನಲ್ಲಿ ಕನ್ನಡದ ದೆವ್ವದ ಕಥೆಗಳನ್ನು ಓದಿ ಹೇಳುವ ಚಾನೆಲ್‌ಗಳಿವೆ. ನಿಮ್ಮ ಓದುಗರು ಅಲ್ಲಿದ್ದಾರೆ. ನೀವು ಹುಡುಕುತ್ತಿರುವುದು ಸಾಹಿತ್ಯದ ಸಭೆಗಳ ಪರಿಚಿತರ ನಡುವೆ ಇರಬಹುದು.

ಅಲ್ಲಿಗೆ ಹೋಗುವುದೆಂದರೆ ‘ನನ್ನ ಪುಸ್ತಕ ಕೊಳ್ಳಿ’ ಎಂದು ಪ್ರತಿಯೊಬ್ಬರ ಕಥೆಯ ಕೆಳಗೆ ಬರೆಯುವುದು ಎಂದು ದಯವಿಟ್ಟು ತಿಳಿಯಬೇಡಿ. ಕಾದಂಬರಿಯ ಜಗತ್ತಿಗೇ ಸೇರಿದ, ಆದರೆ ಕಾದಂಬರಿಯಲ್ಲಿ ಇಲ್ಲದ ಒಂದು ಸ್ವತಂತ್ರ ಸಣ್ಣಕಥೆ ಬರೆಯಿರಿ. ಊರು ಬಿಡುವ ಹಿಂದಿನ ರಾತ್ರಿ ಕೆಳಗಿನಮನೆಯಲ್ಲಿ ಏನಾಯಿತು ಎಂಬುದೇ ಆ ಕಥೆಯಾಗಬಹುದು. ಅದನ್ನು ಪೂರ್ತಿ ಉಚಿತವಾಗಿ ಓದಲು ಕೊಡಿ, ಕೊನೆಯಲ್ಲಿ ಕಾದಂಬರಿ ಎಲ್ಲಿ ಸಿಗುತ್ತದೆಂದು ಒಂದು ಸಾಲು ಹಾಕಿ. ಕಥೆ ಹೇಳುವ ಚಾನೆಲ್‌ನವರಿಗೂ ಅದನ್ನೇ ಓದಲು ಅನುಮತಿ ಕೊಡಬಹುದು. ಅನುಮತಿ ಆ ಒಂದು ಕಥೆಗೆ ಮಾತ್ರ, ಹಕ್ಕು ಲೇಖಕರದ್ದೇ ಎಂಬುದು ಲಿಖಿತವಾಗಿ ಇರಲಿ. ಯಾವುದೇ ತಾಣಕ್ಕೆ ಪೂರ್ತಿ ಕಾದಂಬರಿಯನ್ನು ಕೊಡುವ ಮೊದಲು ಹಕ್ಕಿನ ಷರತ್ತುಗಳನ್ನು ಓದಿ, ಮುಂದೆ ಆಡಿಯೋ ಪುಸ್ತಕ ಅಥವಾ ವೆಬ್ ಸರಣಿಯ ಅವಕಾಶ ಬಂದರೆ ತೀರ್ಮಾನ ಯಾರ ಕೈಯಲ್ಲಿರುತ್ತದೆ ಎಂದು ನೋಡಿಕೊಳ್ಳಿ.

ಇಲ್ಲಿ ತಾಂತ್ರಿಕವಾದ ಒಂದು ತೊಡಕಿದೆ, ಹೊಸ ಲೇಖಕರಲ್ಲಿ ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಡಿಟಿಪಿ ಮಾಡಿದವರು ನಿಮಗೆ ಕೊಟ್ಟಿರುವ ಕಡತ ನುಡಿ, ಬರಹ ಅಥವಾ ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಇದ್ದರೆ ಅದನ್ನು ಹಾಗೆಯೇ ಅಂತರಜಾಲಕ್ಕೆ ಹಾಕಲು ಬರುವುದಿಲ್ಲ, ಎಲ್ಲ ಫೋನು, ಗಣಕಗಳಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆಯಾದ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು, ಉದ್ಧರಣ ಚಿಹ್ನೆಗಳು ಕೆಡುವುದುಂಟು. ಭಯದ ಸನ್ನಿವೇಶದ ನಟ್ಟನಡುವೆ ಒಂದು ಅಕ್ಷರ ಚೌಕವಾಗಿ ಕಂಡರೆ ಓದುಗನ ಕಣ್ಣು ಕಥೆಯಿಂದ ಹೊರಕ್ಕೆ ಬರುತ್ತದೆ. ಪರಿವರ್ತನೆಯಾದ ಮೇಲೆ ಒಮ್ಮೆ ಪೂರ್ತಿ ಕರಡು ತಿದ್ದಿ. ಪುಸ್ತಕದ ಹೆಸರನ್ನು ಕನ್ನಡದ ಜೊತೆಗೆ ರೋಮನ್ ಅಕ್ಷರಗಳಲ್ಲೂ ಎಲ್ಲ ಕಡೆ ನಮೂದಿಸಿ, ಏಕೆಂದರೆ ಕನ್ನಡ ಪುಸ್ತಕ ಹುಡುಕುವ ಬಹಳ ಜನ ಫೋನಿನಲ್ಲಿ ಇಂಗ್ಲಿಷ್ ಕೀಲಿಮಣೆಯನ್ನೇ ಬಳಸುತ್ತಾರೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಪಡೆದಿಲ್ಲವಾದರೆ ಇ-ಪುಸ್ತಕಕ್ಕೂ ಮುಂದಿನ ಮುದ್ರಣಕ್ಕೂ ಈಗಲೇ ಅರ್ಜಿ ಹಾಕಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಸ್ವಂತ ಪ್ರಕಟಣೆಯ ಲೇಖಕರಿಗೂ ಕೊಡುತ್ತದೆ. ಮಧ್ಯವರ್ತಿಗಳಿಗೆ ಅದಕ್ಕಾಗಿ ಹಣ ಕೊಡಬೇಕಿಲ್ಲ.

ವಿಮರ್ಶೆ ಕೇಳುವ ಬಗೆಗೆ ಈಗ ಬರೋಣ. ಉಳಿದಿರುವ 370 ಪ್ರತಿಗಳಲ್ಲಿ 30ನ್ನು ಇದಕ್ಕಾಗಿ ಎತ್ತಿಡಿ, ಅದಕ್ಕಿಂತ ಹೆಚ್ಚು ಬೇಡ. ಗುಡ್‌ರೀಡ್ಸ್‌ನಲ್ಲಿ ಕನ್ನಡ ಪುಸ್ತಕಗಳ ಬಗ್ಗೆ ಬರೆಯುವವರು, ಇನ್‌ಸ್ಟಾಗ್ರಾಮ್‌ನಲ್ಲಿ ಪುಸ್ತಕ ಪರಿಚಯ ಮಾಡುವ ಯುವಕ ಯುವತಿಯರು, ಫೇಸ್‌ಬುಕ್‌ನ ಓದುಗರ ಗುಂಪುಗಳಲ್ಲಿ ದೀರ್ಘವಾಗಿ ಟಿಪ್ಪಣಿ ಹಾಕುವವರು, ಹೀಗೆ ಮೂವತ್ತು ಜನರ ಪಟ್ಟಿ ಮಾಡಿ. ಪಟ್ಟಿಗೆ ಸೇರಿಸುವ ಮೊದಲು ಅವರು ಈ ಹಿಂದೆ ಬರೆದದ್ದನ್ನು ಓದಿ. ಪತ್ತೇದಾರಿ, ಥ್ರಿಲ್ಲರ್, ಹಾರರ್ ಬಗ್ಗೆ ಒಮ್ಮೆಯಾದರೂ ಬರೆದಿದ್ದರೆ ಮಾತ್ರ ಹೆಸರು ಬರೆದುಕೊಳ್ಳಿ. ವಚನ ಸಾಹಿತ್ಯದ ಬಗ್ಗೆ ಸೊಗಸಾಗಿ ಬರೆಯುವವರಿಗೆ ನಿಮ್ಮ ಕಾದಂಬರಿ ಕಳಿಸಿದರೆ ಇಬ್ಬರಿಗೂ ಮುಜುಗರ. ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಿರಿ, ಒಂದೇ ಸಂದೇಶವನ್ನು ಎಲ್ಲರಿಗೂ ರವಾನಿಸಬೇಡಿ. ಪತ್ರದ ಧಾಟಿ ಹೀಗಿರಬಹುದು:

‘ನಮಸ್ಕಾರ. ಕಳೆದ ತಿಂಗಳು ನೀವು ಬರೆದ ಟಿಪ್ಪಣಿಯಲ್ಲಿ, ದೆವ್ವ ಕಣ್ಣಿಗೆ ಕಂಡ ಮೇಲೆ ಭಯ ಹೋಗಿಬಿಡುತ್ತದೆ ಎಂದು ಹೇಳಿದ್ದು ನನಗೆ ಸರಿ ಎನಿಸಿತು. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಮನೆಯೊಂದರ ಬಗ್ಗೆ ನಾನು ಕಾದಂಬರಿ ಬರೆದು ನಾನೇ ಪ್ರಕಟಿಸಿದ್ದೇನೆ. ಮೊದಲ ಅಧ್ಯಾಯವನ್ನು ಇದರ ಜೊತೆ ಇಟ್ಟಿದ್ದೇನೆ. ಮುಂದೆ ಓದಬೇಕೆನಿಸಿದರೆ ತಿಳಿಸಿ, ಪ್ರತಿ ಕಳಿಸುತ್ತೇನೆ. ಮಗುವೊಂದರ ಸಾವಿನ ಪ್ರಸಂಗ ಕಾದಂಬರಿಯಲ್ಲಿದೆ, ಅದನ್ನು ಮೊದಲೇ ಹೇಳುವುದು ಒಳ್ಳೆಯದೆಂದು ತಿಳಿಸುತ್ತಿದ್ದೇನೆ. ಓದಿದ ಮೇಲೆ ಬರೆಯಲೇಬೇಕೆಂಬ ಒತ್ತಾಯವಿಲ್ಲ. ಬರೆಯುವುದಾದರೆ ಅನಿಸಿದ್ದನ್ನು ಬರೆಯಿರಿ, ಪ್ರತಿ ಲೇಖಕರಿಂದ ಉಚಿತವಾಗಿ ಬಂದದ್ದೆಂದು ಅದರಲ್ಲಿ ನಮೂದಿಸಿ.’

ಈ ಪತ್ರದಲ್ಲಿ ನಾನು ಮುಖ್ಯವೆಂದು ಎಣಿಸುವುದು ಎರಡು ಸಂಗತಿ. ಮೊದಲನೆಯದು, ಕೇಳದೆ ಪುಸ್ತಕ ಕಳಿಸದಿರುವುದು. ಮನೆಗೆ ತಾನಾಗಿ ಬಂದು ಬಿದ್ದ ಪುಸ್ತಕ ಓದುಗನ ಮೇಲೆ ಹೊರೆಯಾಗುತ್ತದೆ. ತಾನೇ ಕೇಳಿ ತರಿಸಿಕೊಂಡ ಪುಸ್ತಕವನ್ನು ಅವನು ಓದುತ್ತಾನೆ. ಎರಡನೆಯದು, ಕಥೆಯಲ್ಲಿರುವ ಮನಸ್ಸು ಕಲಕುವ ಸಂಗತಿಯನ್ನು ಮುಂಚೆಯೇ ತಿಳಿಸುವುದು. ಹೆದರಿಸುವುದು ಹಾರರ್ ಲೇಖಕನ ಕೆಲಸ ನಿಜ. ಆದರೆ ಈಚೆಗೆ ಮಗುವನ್ನು ಕಳೆದುಕೊಂಡವರ ಕೈಗೆ ಸುಳಿವು ಕೊಡದೆ ಅಂಥ ಪುಟವನ್ನು ಇಡುವ ಹಕ್ಕು ಯಾರಿಗೂ ಇಲ್ಲ. ಆತ್ಮಹತ್ಯೆ, ಲೈಂಗಿಕ ಹಿಂಸೆ ಇದ್ದರೂ ಹೀಗೆಯೇ ಹೇಳಿ. ಇದರಿಂದ ಕುತೂಹಲ ಕೆಡುವುದಿಲ್ಲ.

ಪುಸ್ತಕ ತಲುಪಿದ ಮೇಲೆ ಒಂದು ತಿಂಗಳು ಸುಮ್ಮನಿರಿ. ಆಮೇಲೆ ಒಮ್ಮೆ ನೆನಪಿಸಬಹುದು, ಎರಡನೆಯ ಬಾರಿ ಬೇಡ. ನೆನಪಿಸುವಾಗ ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. ಎಲ್ಲಿ ಓದು ನಿಲ್ಲಿಸಿದಿರಿ, ಬಾಗಿಲ ಹಿಂದೆ ಇರುವವರು ಯಾರೆಂದು ಯಾವ ಅಧ್ಯಾಯದಲ್ಲಿ ಊಹಿಸಿದಿರಿ ಎಂದು ಕೇಳಿ. ಈ ಉತ್ತರಗಳಿಂದ ನಿಮ್ಮ ಮುಂದಿನ ಪುಸ್ತಕಕ್ಕೂ ಲಾಭವಿದೆ, ಮತ್ತು ಹೀಗೆ ಯೋಚಿಸಿದ ಓದುಗ ಬರೆಯುವ ಟಿಪ್ಪಣಿಯಲ್ಲಿ ತಿರುಳಿರುತ್ತದೆ. ಗುಟ್ಟನ್ನು ಬಯಲು ಮಾಡಬೇಡಿ ಎಂದು ವಿನಂತಿಸಲು ಅಡ್ಡಿಯಿಲ್ಲ. ಹಾರರ್ ಓದುಗರು ಅದನ್ನು ತಾವಾಗಿಯೇ ಪಾಲಿಸುತ್ತಾರೆ.

ಆಗ ಕಾನೂನಿನ ಮಾತು ಹೇಳುತ್ತೇನೆಂದಿದ್ದೆ. ಅಮೆಜಾನ್ ತನ್ನ ನಿಯಮಗಳಲ್ಲಿ ಹಣ ಪಡೆದು ಬರೆದ ವಿಮರ್ಶೆಯನ್ನು ನಿಷೇಧಿಸಿದೆ. ಲೇಖಕರ ಮನೆಯವರು, ಆಪ್ತ ಸ್ನೇಹಿತರು ಬರೆಯುವುದನ್ನೂ ಒಪ್ಪುವುದಿಲ್ಲ. ಉಚಿತ ಪ್ರತಿ ಕೊಡಬಹುದು, ಅದಕ್ಕೆ ಪ್ರತಿಯಾಗಿ ವಿಮರ್ಶೆ ಬೇಕೆಂದು ಷರತ್ತು ಹಾಕುವಂತಿಲ್ಲ. ನಿಯಮ ಮೀರಿದ್ದು ಕಂಡರೆ ಆ ವಿಮರ್ಶೆಗಳನ್ನು ತೆಗೆದುಹಾಕುತ್ತದೆ. ಹಾಗಾಗಿ ನಿಮ್ಮ ಚಿಕ್ಕಪ್ಪ, ಅತ್ತಿಗೆ, ಸಹೋದ್ಯೋಗಿಗಳಿಂದ ಐದೈದು ನಕ್ಷತ್ರ ಹಾಕಿಸುವ ಆಲೋಚನೆ ಇದ್ದರೆ ಅದನ್ನೂ ಬಿಡಿ. ಭಾರತೀಯ ಮಾನಕ ಬ್ಯೂರೊ ಆನ್‌ಲೈನ್ ವಿಮರ್ಶೆಗಳಿಗೆಂದೇ 2022ರ ನವೆಂಬರ್‌ನಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಜಾರಿಗೆ ತಂದಿದೆ. ಜಾರಿಗೆ ಬಂದಾಗ ಅದು ಐಚ್ಛಿಕವಾಗಿತ್ತು. ಆದರೆ ದಾರಿ ತಪ್ಪಿಸುವ ಜಾಹೀರಾತು ಮತ್ತು ಅನುಮೋದನೆಗಳ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಣ ಅಥವಾ ಉಡುಗೊರೆ ಪಡೆದು ಇನ್‌ಸ್ಟಾಗ್ರಾಮ್‌ನಲ್ಲಿ ಪುಸ್ತಕ ಪರಿಚಯಿಸುವವರು ಅದನ್ನು ಮುಚ್ಚಿಡಬಾರದು ಎಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಹೇಳಿದೆ. ಹಣ ಕೊಟ್ಟು ಪರಿಚಯದ ವಿಡಿಯೊ ಮಾಡಿಸುವುದು ತಪ್ಪೇನಲ್ಲ, ಅದು ಜಾಹೀರಾತು ಎಂದು ಕಾಣುವಂತೆ ಹೇಳಿರಬೇಕು, ಅಷ್ಟೆ. ವಿಮರ್ಶೆಯ ವೇಷ ತೊಡಿಸಿದಾಗ ತಪ್ಪಾಗುತ್ತದೆ.

ಪತ್ರಿಕೆಗಳ ಭಾನುವಾರದ ಪುರವಣಿಗಳಿಗೆ ಎರಡೆರಡು ಪ್ರತಿ ಕಳಿಸುವುದು ವಾಡಿಕೆ, ಕಳಿಸಿ. ಬಂದ ಪುಸ್ತಕಗಳ ಸ್ವೀಕಾರದ ಪಟ್ಟಿಯಲ್ಲಿ ಹೆಸರು ಬಂದರೂ ಪ್ರಯೋಜನವಿದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಬುಕ್ ಬ್ರಹ್ಮದಂಥ ತಾಣಗಳಿಗೂ ಪುಸ್ತಕದ ವಿವರ ಕೊಡಿ. ಬಿಡುಗಡೆ ಸಮಾರಂಭ ಮಾಡಿಲ್ಲವೆಂದು ಪತ್ರದಲ್ಲಿ ಬೇಸರಪಟ್ಟಿದ್ದೀರಿ. ಸಭಾಂಗಣ, ಹಾರ, ಶಾಲು, ಅತಿಥಿಗಳ ಪ್ರಯಾಣಕ್ಕೆ ಹೋಗುವ ಹಣದಲ್ಲಿ ಆ ಮೂವತ್ತು ಪ್ರತಿಗಳ ಅಂಚೆ ವೆಚ್ಚವನ್ನು ಹಲವು ಬಾರಿ ತೂಗಿಸಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಬದಲು ಸಾಗರದಲ್ಲೋ ಶಿವಮೊಗ್ಗದಲ್ಲೋ ಗ್ರಂಥಾಲಯದವರನ್ನು ಅಥವಾ ಕಾಲೇಜಿನ ಕನ್ನಡ ಸಂಘದವರನ್ನು ಕೇಳಿಕೊಂಡು, ಸಂಜೆ ಹೊತ್ತು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ. ಹಾರರ್ ಕಿವಿಯಿಂದ ಬಹಳ ಚೆನ್ನಾಗಿ ಇಳಿಯುತ್ತದೆ. ಇಪ್ಪತ್ತು ನಿಮಿಷ ಓದಿ, ಉತ್ತರ ಸಿಗದ ಜಾಗದಲ್ಲಿ ನಿಲ್ಲಿಸಿ, ಬಾಗಿಲ ಬಳಿ ಪ್ರತಿಗಳನ್ನು ಇಡಿ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ ನಾಡು ನಮ್ಮದು. ಲೇಖಕ ತಾನೇ ಪುಸ್ತಕ ಮಾರಲು ನಿಂತರೆ ಸಂಕೋಚಪಡಬೇಕಾದದ್ದು ಏನೂ ಇಲ್ಲ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಿ, ಅಲ್ಲಿ ಪ್ರಥಮ ಮುದ್ರಣದ ವರ್ಷ ಮುಖ್ಯವಾಗುತ್ತದೆ. ಮುಂದಿನ ಹಸ್ತಪ್ರತಿಯ ಬಗ್ಗೆ ಯೋಚಿಸುವಾಗ ಕನ್ನಡ ಪುಸ್ತಕ ಪ್ರಾಧಿಕಾರದ ಯೋಜನೆಗಳನ್ನೂ ಗಮನಿಸುತ್ತಿರಿ. ಹೊಸದಾಗಿ 500 ಪ್ರತಿ ಅಚ್ಚು ಹಾಕಿಸುವ ಮೊದಲು, ಬೇಡಿಕೆ ಬಂದಷ್ಟೇ ಮುದ್ರಿಸಿಕೊಡುವ ಪೋಥಿಯಂಥ ವ್ಯವಸ್ಥೆಯನ್ನು ಪರಿಶೀಲಿಸಿ. ಒಂದು ಪ್ರತಿಯ ಬೆಲೆ ಹೆಚ್ಚಾಗುತ್ತದೆ, ಆದರೆ ಮನೆಯಲ್ಲಿ ಕಟ್ಟು ಕಟ್ಟಾಗಿ ಪುಸ್ತಕ ಉಳಿಯುವುದಿಲ್ಲ.

ಕೊನೆಗೆ, ಕಟುವಾದ ವಿಮರ್ಶೆ ಬಂದಾಗ ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಮೂವತ್ತು ಜನ ಪ್ರಾಮಾಣಿಕವಾಗಿ ಓದಿದರೆ ಅದು ಬಂದೇ ಬರುತ್ತದೆ. ‘ಭಯವೇ ಆಗಲಿಲ್ಲ’ ಎಂದು ಯಾರಾದರೂ ಬರೆದರೆ ಅದಕ್ಕೆ ಉತ್ತರಿಸಬೇಡಿ, ಸ್ನೇಹಿತರಿಂದಲೂ ಉತ್ತರ ಕೊಡಿಸಬೇಡಿ. ಮೂರು ನಕ್ಷತ್ರ ಕೊಟ್ಟು, ಮೊದಲರ್ಧ ನಿಧಾನ, ಬಾಗಿಲು ತೆರೆಯುವ ಅಧ್ಯಾಯ ಮಾತ್ರ ಮರೆಯಲಾಗುವುದಿಲ್ಲ ಎಂದು ಬರೆದವರ ಮಾತನ್ನು ಹೊಸ ಓದುಗರು ಹೆಚ್ಚು ನಂಬುತ್ತಾರೆ, ಏಕೆಂದರೆ ಅದನ್ನು ಓದಿದವರೇ ಬರೆದಿದ್ದಾರೆಂದು ಗೊತ್ತಾಗುತ್ತದೆ. ಅಂಥ ಸಾಲುಗಳನ್ನು ಸಂಗ್ರಹಿಸಿಡಿ. ಎರಡನೆಯ ಮುದ್ರಣದ ಬೆನ್ನಿಗೆ ಅವುಗಳಲ್ಲಿ ಎರಡು ಮೂರನ್ನು ಹಾಕಬಹುದು; ಹಾಕುವ ಮೊದಲು ಬರೆದವರಿಂದ ಲಿಖಿತ ಒಪ್ಪಿಗೆ ಪಡೆಯಿರಿ, ವಾಕ್ಯದ ನಡುವೆ ಇರುವ ‘ಆದರೆ’ಯನ್ನು ಕತ್ತರಿಸಿ ಹೊಗಳಿಕೆಯನ್ನಷ್ಟೇ ಉಳಿಸಿಕೊಳ್ಳಬೇಡಿ, ಮತ್ತು ಮುದ್ರಣವಾದ ಮೇಲೆ ಅವರಿಗೊಂದು ಪ್ರತಿ ಕಳಿಸಿ.